ಕೇಳದೆ ಬರೆಯದ ಭಾವ

ನನ್ನ ಭಾವ ತಮ್ಮ ಹೆಂಡತಿಯ ಹೆಸರನ್ನು ಹತ್ತು ವರ್ಷಕ್ಕೊಮ್ಮೆ ಕೇಳಿ ತಿಳಿದುಕೊಳ್ಳುತ್ತಿದ್ದರು. ಉಳಿದ ದಿನಗಳಲ್ಲಿ ಅವರಿಗೆ ಆ ಹೆಸರು ಬೇಕಾಗುತ್ತಿರಲಿಲ್ಲ. ‘ಏನೇ’, ‘ಇವಳೇ’ ಎಂಬ ಎರಡು ಮಾತಿನಲ್ಲಿ ಸಂಸಾರ ಸುಗಮವಾಗಿ ನಡೆಯುತ್ತಿತ್ತು. ಹತ್ತು ವರ್ಷಕ್ಕೊಮ್ಮೆ ಸರ್ಕಾರ ಜನಗಣತಿ ಮಾಡಿಸುತ್ತದಲ್ಲ, ಆಗ ಮಾತ್ರ ಅವರು ತಮ್ಮ ಮನೆಯ ಅಂಗಳದಲ್ಲಿ ನಿಂತು, ಕೊಡೆ ಮಡಿಸಿ, ಅಪರಿಚಿತರಂತೆ ಕೇಳುತ್ತಿದ್ದರು: “ನಿಮ್ಮ ಹೆಸರೇನು?”

ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಬೇರೆಯವರಿಂದ ಕೇಳಿದ್ದಾದರೆ ಕೇಳಿದ್ದು ಎಂದೇ ಹೇಳುತ್ತೇನೆ. ಭಾವನ ವಿಷಯ ಬರೆಯುವಾಗ ಅಷ್ಟಾದರೂ ಎಚ್ಚರ ಬೇಕು.

1951ರ ಫೆಬ್ರವರಿ. ಅರಕಲಗೂಡು ತಾಲ್ಲೂಕಿನಲ್ಲಿ, ಕೊಣನೂರಿನ ದಿಕ್ಕಿಗಿರುವ ಒಂದು ಊರಿನಲ್ಲಿ ಭಾವ ಮಿಡ್ಲ್ ಸ್ಕೂಲ್ ಮೇಷ್ಟರಾಗಿದ್ದರು. ನಾನು ಅಲ್ಲಿಂದ ಮೂರು ಮೈಲಿ ಆಚೆಯ ಊರಿಗೆ ಹೊಸದಾಗಿ ಬಂದ ಮೇಷ್ಟರು. ಅಕ್ಕನೂ ನಾನೂ ಚನ್ನರಾಯಪಟ್ಟಣದ ಕಡೆಯವರು. ಅಕ್ಕನನ್ನು ಇಲ್ಲಿಗೆ ಕೊಟ್ಟದ್ದರಿಂದ ನಾನೂ ಇದೇ ತಾಲ್ಲೂಕು ಕೇಳಿ ಹಾಕಿಸಿಕೊಂಡು ಬಂದಿದ್ದೆ. ಗಣತಿಯ ಕೆಲಸ ಮೇಷ್ಟರುಗಳ ತಲೆಗೇ ಬಂತು. ಒಂದು ಭಾನುವಾರ ಮಧ್ಯಾಹ್ನ ನಾನು ಅಕ್ಕನ ಮನೆಯ ಜಗಲಿಯ ಮೇಲೆ ಕೂತಿದ್ದಾಗ ಭಾವ ಊಟದ ಹೊತ್ತಿಗೆ ಬಂದರು. ಬಂದವರು ಜಗಲಿ ಹತ್ತಲಿಲ್ಲ. ಹೆಗಲಿನಲ್ಲಿ ಚೀಲ, ದಾರ ಕಟ್ಟಿದ ಮಸಿಕುಡಿಕೆ ಕೈಯಲ್ಲಿ.

“ಮನೆಯಲ್ಲಿ ಯಾರಿದ್ದೀರಿ?” ಎಂದರು.

“ಬನ್ನಿ, ಮುದ್ದೆ ಆರೋಗ್ತದೆ” ಎಂದಳು ಅಕ್ಕ ಒಳಗಿನಿಂದ.

“ನಾನು ಗಣತಿಯವನು. ಈ ಮನೆಯ ಯಜಮಾನರ ಹೆಸರೇನು?”

ಅಕ್ಕ ಹಿಟ್ಟಿನ ಕೋಲು ಹಿಡಿದುಕೊಂಡೇ ಬಾಗಿಲಿಗೆ ಬಂದಳು. ನನ್ನ ಮುಖ ನೋಡಿದಳು. ನಾನು ಕಂಬ ನೋಡಿದೆ.

“ನಿಮ್ಗೆ ಗೊತ್ತಿಲ್ವಾ?”

“ಗಣತಿಯವನಿಗೆ ಏನೂ ಗೊತ್ತಿರಬಾರದು. ನೀವು ಹೇಳಬೇಕು, ನಾನು ಬರ್ಕೋಬೇಕು.”

ಅಕ್ಕ ಹೇಗೆ ಹೇಳಿಯಾಳು? ಗಂಡನ ಹೆಸರು ಬಾಯಲ್ಲಿ ಬಂದರೆ ಗಂಡನ ಆಯುಸ್ಸು ಸವೆಯುತ್ತದೆ ಎಂದು ನಂಬಿದ ಕಾಲ ಅದು. ಅವಳು ಸಂತೆಯಲ್ಲಿ ಗಂಡನ ಹೆಸರಿನ ಇನ್ನೊಬ್ಬರನ್ನು ಕಂಡರೆ ಅವರನ್ನೂ ‘ಅವರು’ ಎಂದೇ ಕರೆಯುತ್ತಿದ್ದಳು. ಕೊನೆಗೆ ಒಳಗೆ ತಿರುಗಿ, “ಅತ್ತೆ, ನಿಮ್ಮ ಮಗನ ಹೆಸ್ರು ಕೇಳ್ತಾವ್ರೆ, ಬಂದು ಹೇಳಿ” ಎಂದು ಕೂಗಿದಳು. ಅತ್ತೆಗೆ ಕಿವಿ ಮಂದ. ಗೋಡೆ ಹಿಡಿದುಕೊಂಡು ಬಂದು, ಅಂಗಳದಲ್ಲಿ ನಿಂತ ಮಗನನ್ನು ಕಂಡು, “ಅವ್ನೇ ನಿಂತವ್ನಲ್ಲವ್ವ, ಅವ್ನನ್ನೇ ಕೇಳಕ್ಕೇಳು” ಎಂದು ಒಳಗೆ ಹೋದರು.

ಕಡೆಗೆ ಯಜಮಾನರ ಹೆಸರನ್ನು ನಾನು ಹೇಳಿದೆ. ಆಮೇಲೆ ಭಾವ ಅಕ್ಕನ ಹೆಸರು ಕೇಳಿದರು. ಅಕ್ಕ ಸೆರಗನ್ನು ಬಾಯಿಗಿಟ್ಟುಕೊಂಡು ಹೇಳಿದಳು. ಅವರು ಬರೆದುಕೊಂಡು, ಬರೆದದ್ದನ್ನು ಗಟ್ಟಿಯಾಗಿ ಓದಿ, “ಸರಿನಾ?” ಎಂದು ಕೇಳಿದರು. ಅದು ಅವರ ಕ್ರಮ. ಕೇಳದೆ ಬರೆಯಬಾರದು, ಬರೆದದ್ದನ್ನು ಹೇಳಿದವರಿಗೇ ಓದಿ ಒಪ್ಪಿಸದೆ ಪುಟ ಮಗುಚಬಾರದು. ಎರಡೂ ಮಾಡದಿದ್ದರೆ ಅದು ಬರೆಯುವುದಲ್ಲ, ಕದಿಯುವುದು ಎನ್ನುತ್ತಿದ್ದರು.

ಮುದ್ದೆ ಆರಿ ಕಲ್ಲಾಗಿತ್ತು. ಆದರೆ ಅಕ್ಕನಿಗೆ ಸಿಟ್ಟಿರಲಿಲ್ಲ. ಬಡಿಸುವಾಗ ನನ್ನ ಕಿವಿಯ ಹತ್ತಿರ, “ಮದ್ವೆಯಾದಾಗ್ಲಿಂದ ಇವತ್ತೇ ಕಣೋ ನನ್ನ ನೀವು ಅಂದಿದ್ದು” ಎಂದಳು.

ಇದನ್ನು ಸ್ವಲ್ಪ ವಿವರಿಸಬೇಕು. ಅರಕಲಗೂಡಿನಲ್ಲಿ ನಮಗೆ ತರಬೇತಿ ಕೊಟ್ಟಾಗ ಅಮಲ್ದಾರರು, ಎಂದರೆ ಈಗಿನ ತಹಸೀಲ್ದಾರರು, ಮಾದರಿಗೆ ಓದಿದ ಪ್ರಶ್ನೆಗಳೆಲ್ಲ ಬಹುವಚನದಲ್ಲಿದ್ದವು. ‘ನಿಮ್ಮ ಹೆಸರು’, ‘ನಿಮ್ಮ ವಯಸ್ಸು’. ನಾವೆಲ್ಲ ಅದನ್ನು ಕೇಳಿಸಿಕೊಂಡು ಬಿಟ್ಟೆವು. ಭಾವ ಮಾತ್ರ ಹಾಗೇ ಬಾಯಿಪಾಠ ಮಾಡಿದರು. ಗಣತಿಯ ಚೀಲ ಹೆಗಲಿಗೇರಿದರೆ ಅವರ ಪಾಲಿಗೆ ಊರಿನಲ್ಲಿ ಏಕವಚನವೇ ಇಲ್ಲ. ದನ ಕಾಯುವವನಿಗೂ ನೀವು, ತೊಟ್ಟಿಲಲ್ಲಿದ್ದ ಕೂಸಿಗೂ ನೀವು. ಕೂಸಿನ ಮಾತೃಭಾಷೆ ಕೇಳಿದಾಗ ಅದು ಅತ್ತಿತಂತೆ. ಇದು ಕೇಳಿದ್ದು.

ಆ ವರ್ಷದ ಗಣತಿಯಲ್ಲಿ ಒಂದು ಪ್ರಶ್ನೆ ಬದಲಾಗಿತ್ತು. ಮಹಾರಾಜರ ಕಾಲದಲ್ಲಿ ಪ್ರತಿಯೊಬ್ಬರ ಜಾತಿಯನ್ನೂ ಕೇಳಿ ಬರೆದುಕೊಳ್ಳುತ್ತಿದ್ದರು. ಸ್ವಾತಂತ್ರ್ಯ ಬಂದ ಮೇಲಿನ ಮೊದಲ ಗಣತಿಯಲ್ಲಿ ಅದನ್ನು ಕೈಬಿಟ್ಟರು. ಧರ್ಮ ಕೇಳಬೇಕು. ಪರಿಶಿಷ್ಟ ಜಾತಿಯಂಥ ಕೆಲವು ಗುಂಪುಗಳಿಗೆ ಸೇರಿದವರಾದರೆ ಅದನ್ನು ಬರೆಯಬೇಕು. ಉಳಿದವರ ಜಾತಿ ಸರ್ಕಾರಕ್ಕೆ ಬೇಡ. ಕಾಗದದ ಮೇಲೆ ಇದು ಸಣ್ಣ ಬದಲಾವಣೆ. ಆದರೆ ಜಗಲಿಯ ಮೇಲೆ ಕೂತ ಯಜಮಾನರುಗಳಿಗೆ? ಪಂಕ್ತಿಯಲ್ಲಿ ಕೂರಿಸಿ ಪಾಯಸ ಬಡಿಸುವವನು ತಮ್ಮ ಎಲೆ ದಾಟಿ ಮುಂದೆ ಹೋದಷ್ಟು ಅವಮಾನ.

ಊರಿನ ಹಿರಿಯರೊಬ್ಬರು ಭಾವನನ್ನು ಏಳಲು ಬಿಡಲಿಲ್ಲ. ಆಗ ನಾನೂ ಜೊತೆಯಲ್ಲಿದ್ದೆ.

“ಎಲ್ಲಾ ಕೇಳುದ್ರಿ, ಜಾತಿ ಕೇಳ್ನಿಲ್ವಲ್ಲ ಮೇಷ್ಟ್ರೇ?”

“ಆ ಕಾಲಂ ತೆಗೆದುಬಿಟ್ಟಿದ್ದಾರೆ ಗೌಡ್ರೇ.”

“ನಮ್ಮಪ್ಪಂದು ಬರ್ಕಂಡವ್ರೆ. ನಮ್ಮಜ್ಜಂದು ಬರ್ಕಂಡವ್ರೆ. ನಂದ್ಯಾಕ್ ಬ್ಯಾಡ?”

“ಸರ್ಕಾರಕ್ಕೆ ಬೇಡವಂತೆ.”

“ಸರ್ಕಾರಕ್ಕೆ ಬ್ಯಾಡ ಅಂದ್ರೆ ನಾನು ಅದ್ನ ಎಲ್ಲಿಗ್ ತಕಂಡೋಗಿ ಆಕ್ಲಿ?”

ನಾನಾಗಿದ್ದರೆ ನಕ್ಕು ಎದ್ದು ಬರುತ್ತಿದ್ದೆ. ಭಾವನಿಗೆ ಅದು ನಿಜವಾದ ಪ್ರಶ್ನೆಯಾಗಿ ಕಂಡಿತು. ಚೀಲದಿಂದ ತಮ್ಮ ಸ್ವಂತದ ನೋಟುಬುಕ್ಕೊಂದನ್ನು ತೆಗೆದು, ಮೊದಲ ಪುಟದ ನೆತ್ತಿಯಲ್ಲಿ ‘ಕೇಳದೆ ಹೇಳಿದ್ದು’ ಎಂದು ಬರೆದು ಅಡಿಗೆರೆ ಎಳೆದರು. ಕೆಳಗೆ ಗೌಡರ ಹೆಸರು, ಜಾತಿ, ಒಳಪಂಗಡ, ಮನೆದೇವರು ಎಲ್ಲ ಬರೆದು ಓದಿ ಹೇಳಿದರು. ಗೌಡರ ಮುಖ ಅರಳಿತು. ಎಳನೀರು ಕೊಡಿಸಿದರು.

ಸುದ್ದಿ ಹಬ್ಬಿತು. ಆಮೇಲೆ ಪ್ರತಿ ಮನೆಯಲ್ಲೂ ಗಣತಿಗೆ ಕಾಲು ಗಂಟೆ, ನೋಟುಬುಕ್ಕಿಗೆ ಒಂದು ಗಂಟೆ. ಜಾತಿಯ ಹಿಂದೆಯೇ ಬೇರೆಯವೂ ಬಂದವು. ಒಬ್ಬರ ಎಮ್ಮೆ ಹಾಲಿಳಿಸುತ್ತಿಲ್ಲ. ಒಬ್ಬರ ಸೊಸೆ ಸಾರಿಗೆ ಉಪ್ಪು ಜಾಸ್ತಿ ಹಾಕುತ್ತಾಳೆ. ಸೊಸೆಯ ಸರದಿ ಬಂದಾಗ ಅವಳು, ಅತ್ತೆಯ ನಾಲಿಗೆಯಲ್ಲೇ ಉಪ್ಪಿದೆ ಎಂದು ಬರೆಸಿದಳು. ಭಾವ ಎರಡನ್ನೂ ಬರೆದು ಇಬ್ಬರಿಗೂ ಬೇರೆಬೇರೆಯಾಗಿ ಓದಿ ಹೇಳಿದರು.

ಹಾಗಾದರೆ ನಿಮ್ಮ ಜಾತಿ ಯಾವುದು ಎಂದು ಈಗ ನೀವು ನನ್ನನ್ನು ಕೇಳಬಹುದು. ಆ ಕಾಲಂ ಇಲ್ಲ.

ಇನ್ನೊಂದು ಪ್ರಶ್ನೆ ರಾಷ್ಟ್ರೀಯತೆಯದು. ಹುರುಳಿ ಕೇರುತ್ತಿದ್ದ ಅಜ್ಜಿಯೊಬ್ಬಳಿಗೆ ಭಾವ, “ನೀವು ಯಾವ ದೇಶದವರು?” ಎಂದರು. ಅಜ್ಜಿ ಮೊರ ಕೆಳಗಿಟ್ಟಳು. “ಉಟ್ಟಿದ್ದು ಶಾಂತಿಗ್ರಾಮದ ತಾವು. ಕೊಟ್ಟಿದ್ದು ಇಲ್ಗೆ. ಇನ್ನು ಸತ್ಮೇಲೆ ಎಲ್ಗೋ ನಂಗೊತ್ತಿಲ್ಲ ಕಣಪ್ಪ, ನೀನೇ ನೋಡಿ ಬರ್ಕ.” ಭಾವ ಬರೆದು ಓದಿದರು: “ಭಾರತೀಯರು ಅಂತ ಬರೆದಿದ್ದೀನಿ. ಸರಿನಾ?” ಅಜ್ಜಿ ಮತ್ತೆ ಮೊರ ಎತ್ತಿಕೊಳ್ಳುತ್ತ ಕೇಳಿದಳು, “ಅದು ಯಾವ ಓಬಳಿಗ್ ಬತ್ತದೆ?”

ಇಷ್ಟು ಹೊತ್ತೂ ಭಾವನನ್ನು ನೋಡಿ ನಕ್ಕೆವು. ಈಗ ನನ್ನದೊಂದು ಹೇಳಬೇಕು.

ಊರಿನ ಹೊರಗೆ ಕೇರಿ ಇರುತ್ತಿತ್ತು. ಆಗಿನ ಮಾತಿನಲ್ಲಿ ಹರಿಜನ ಕೇರಿ. ಅಲ್ಲಿಯ ಮನೆಗಳ ಲೆಕ್ಕವನ್ನು ನಾವು ಬಹಳ ಮಂದಿ ಮೇಷ್ಟರುಗಳು ಊರ ಚಾವಡಿಯಲ್ಲೇ ಕೂತು ಬರೆದೆವು. ಕೇರಿಯ ಒಬ್ಬ ಹಿರಿಯನನ್ನು ಕರೆಸುವುದು, ಅವನು ದೂರ ನಿಂತು ಒಂದೊಂದು ಮನೆಯ ಹೆಸರು ಹೇಳುವುದು, ನಾವು ಬರೆದುಕೊಳ್ಳುವುದು. ಎಷ್ಟೋ ಹೆಂಗಸರ ಹೆಸರು ಅವನಿಗೂ ಗೊತ್ತಿರುತ್ತಿರಲಿಲ್ಲ. ಯಾವುದೋ ಒಂದು ದೇವರ ಹೆಸರಿಗೆ ‘ಅಮ್ಮ’ ಸೇರಿಸಿ ಮುಂದಕ್ಕೆ ಹೋಗುತ್ತಿದ್ದೆವು. ನಾನು ಹಾಗೆ ಬರೆದೆ. ಎಷ್ಟು ಹೆಸರು ಎಂಬುದು ನೆನಪಿಲ್ಲ. ನೆನಪಿಲ್ಲ ಎನ್ನುವುದೇ ನನಗೆ ಈಗ ಚುಚ್ಚುವುದು.

ಭಾವ ಕೇರಿಗೆ ಹೋದರು. ಮನೆಮನೆಯ ಮುಂದೆ ನಿಂತು, “ಮನೆಯಲ್ಲಿ ಯಾರಿದ್ದೀರಿ? ನಿಮ್ಮ ಹೆಸರೇನು?” ಎಂದರು. ಜನ ಹಿಂದೆ ತಿರುಗಿ ನೋಡಿದರಂತೆ, ತಮ್ಮ ಬೆನ್ನ ಹಿಂದೆ ಯಾರಾದರೂ ದೊಡ್ಡವರು ಬಂದು ನಿಂತಿದ್ದಾರೋ ಎಂದು. ಪಟೇಲರು ಆಕ್ಷೇಪ ಎತ್ತಿದಾಗ ಭಾವ ಸೂಚನೆಗಳ ಪುಸ್ತಕ ತೆರೆದು, “ಗಣತಿಯವನ ಜಾತಿಗೆ ಇದರಲ್ಲಿ ಕಾಲಂ ಇಲ್ಲ ಪಟೇಲ್ರೇ” ಎಂದರಂತೆ. ಇಡೀ ತಾಲ್ಲೂಕಿನಲ್ಲಿ ಕಡೆಯದಾಗಿ ಲೆಕ್ಕ ಒಪ್ಪಿಸಿದವರು ಅವರೇ. ಸಂಗೀತಗಾರರ ಊರಾದ ರುದ್ರಪಟ್ಟಣದಲ್ಲಿ ಯಾರದೋ ಸಂಗೀತ ಮುಗಿಯುವ ತನಕ ಜಗಲಿಯಲ್ಲಿ ಕಾದು ಕಾದು ತಡವಾಗಿದ್ದ ಮೇಷ್ಟರಿಗಿಂತಲೂ ಹಿಂದೆ!

ಕೊನೆಗೆ ಉಳಿದದ್ದು ಅವರ ಸ್ವಂತ ಚೀಟಿ. ತನ್ನನ್ನು ತಾನೇ ಕೇಳಿಕೊಂಡು ಬರೆಯುವುದು ಕ್ರಮವಲ್ಲವಲ್ಲ? ಅದಕ್ಕಾಗಿ ನನಗೆ ಹೇಳಿಕಳಿಸಿದರು. ನಾನು ಮೂರು ಮೈಲಿ ನಡೆದು ಹೋಗಿ ಅವರೆದುರು ಕೂತು, ಹೆಸರು ಕೇಳಿದೆ, ವಯಸ್ಸು ಕೇಳಿದೆ, ‘ಓದು ಬರಹ ಬರುತ್ತದೆಯೇ’ ಎಂಬಲ್ಲಿಗೆ ಬಂದು ಸುಮ್ಮನೆ ‘ಹೌದು’ ಎಂದು ಬರೆಯಲು ಹೋದೆ.

“ಕೇಳಲಿಲ್ಲ ನೀನು” ಎಂದರು.

“ಭಾವ, ನೀವು ಮೇಷ್ಟರು.”

“ಅದು ನಿನಗೆ ಗೊತ್ತು. ನಾನು ಹೇಳಿದೆನಾ?”

ಚೀಟಿಯನ್ನು ಹರಿದು ಮೊದಲಿನಿಂದ ಬರೆಸಿದರು.

ಹತ್ತು ವರ್ಷ ಕಳೆಯಿತು. 1961ರ ಗಣತಿಯಲ್ಲಿ ನಾನು ಮೇಲ್ವಿಚಾರಕನಾದೆ. ಭಾವ ನನಗಿಂತ ಎಷ್ಟೋ ಹಿರಿಯರು. ಆದರೆ ಹಿಂದಿನ ಸಲದ ತಡ ಎಲ್ಲರ ನೆನಪಿನಲ್ಲಿತ್ತು. ಹೀಗಾಗಿ ಅಕ್ಕನ ಗಂಡನ ಚೀಟಿಗಳನ್ನು ತಪಾಸಣೆ ಮಾಡುವ ಅಧಿಕಾರ ನನಗೆ ಬಂತು. ಅಕ್ಕ ಇದನ್ನು ಕೇಳಿ, “ಹಂಗಾದ್ರೆ ಈ ಸಲ ಮುದ್ದೆ ಬಿಸಿ ಇರೋವಾಗ್ಲೇ ಕೇಳಕ್ಕೆ ಆರ್ಡರ್ ಮಾಡು” ಎಂದಳು. ನಾನು ಮಾಡಿದೆ. ಅವರು ಕೇಳಲಿಲ್ಲ.

ಈ ಸಲವೂ ಒಬ್ಬೊಬ್ಬರಿಗೂ ಒಂದೊಂದು ಚೀಟಿ. ಧರ್ಮದ ಪ್ರಶ್ನೆ, ಅದರ ಕೆಳಗೇ ಪರಿಶಿಷ್ಟ ಜಾತಿಯ ಪ್ರಶ್ನೆ. ಸೂಚನೆ ಏನೆಂದರೆ, ಹಿಂದೂ ಅಥವಾ ಸಿಖ್ ಎಂದವರಿಗೆ ಮಾತ್ರ ಆ ಎರಡನೆಯ ಪ್ರಶ್ನೆ ಅನ್ವಯಿಸುತ್ತದೆ. ಬೇರೆ ಧರ್ಮ ಹೇಳಿದವರಿಗೆ ಅಲ್ಲಿ ಅಡ್ಡಗೆರೆ. ನಾವು ತರಬೇತಿಯಲ್ಲಿ ತಲೆಯಾಡಿಸಿ ಬಂದೆವು. ನಮ್ಮ ಕಡೆ ಅದರಿಂದ ಯಾರಿಗೇನು?

ಕೇರಿಯಲ್ಲಿ ಮಂಚಯ್ಯ ಎಂಬವನಿದ್ದ. ಬಹಳ ವರ್ಷ ಕೋಲಾರದ ಚಿನ್ನದ ಗಣಿಯಲ್ಲಿ ದುಡಿದು, ಕೆಮ್ಮು ಹಿಡಿದ ಮೇಲೆ ಊರಿಗೆ ಬಂದವನು. ಬರುವಾಗ ಗಣಿಯ ಲಾಟೀನೊಂದನ್ನೂ, ಕಣ್ಣು ಮುಚ್ಚಿ ಕೂತ ಬುದ್ಧನ ಪಟವೊಂದನ್ನೂ ತಂದಿದ್ದ. ಅಲ್ಲಿಯೇ ಹುಟ್ಟಿದ ಮಗಳಿಗೆ ಗೌತಮಿ ಎಂದು ಹೆಸರಿಟ್ಟಿದ್ದ. ಹುಡುಗಿ ಭಾವನ ಶಾಲೆಯಲ್ಲೇ ಮಿಡ್ಲ್ ಸ್ಕೂಲು ಮುಗಿಸುತ್ತಿದ್ದಳು. ಮುಂದೆ ಹೈಸ್ಕೂಲಿಗೆ ಹಾಸನಕ್ಕೆ ಹೋಗಬೇಕು. ಹೋಗಬೇಕಾದರೆ ಹರಿಜನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಸೀಟು ಸಿಗಬೇಕು. ಸೀಟಿಗೆ ಜಾತಿಯ ಸರ್ಟಿಫಿಕೇಟು ಬೇಕು. ಅದಿಲ್ಲದಿದ್ದರೆ ಅವಳ ಓದು ಅಲ್ಲಿಗೆ ಮುಗಿಯಿತು.

ಭಾವ ಮಂಚಯ್ಯನ ಮನೆಗೆ ಗಣತಿಗೆ ಹೋದ ದಿನ ನಾನು ತಪಾಸಣೆಗೆ ಬಂದಿದ್ದೆ. ಕೇರಿಯ ಅಂಚಿನ ಹೊಂಗೆಮರದ ಕೆಳಗೆ ನಿಂತಿದ್ದೆ. ಒಳಗೆ ಹೋಗಲಿಲ್ಲ. ಯಾರೂ ತಡೆದಿರಲಿಲ್ಲ, ಆದರೂ ಹೋಗಲಿಲ್ಲ. ಮಂಚಯ್ಯನ ಮನೆ ಹತ್ತಿರವೇ ಇದ್ದದ್ದರಿಂದ ಅಲ್ಲಿಂದ ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು.

“ನಿಮ್ಮ ಧರ್ಮ?”

“ಬೌದ್ಧ ಸಾ.”

“ಹಾಗೆ ಬರೆದರೆ ಕೆಳಗಿನ ಕಾಲಮ್ಮಿನಲ್ಲಿ ಗೆರೆ ಹಾಕಬೇಕು ಮಂಚಯ್ಯನವರೇ. ತಿಳಿದಿರಲಿ ಅಂತ ಹೇಳ್ತಿದ್ದೀನಿ.”

“ಗೊತ್ತು ಸಾ. ನಾಗಪುರದಾಗೆ ಅಷ್ಟು ಜನ ದೀಕ್ಷೆ ತಕಂಡ್ರಲ್ಲ, ಆಗ್ಲೇ ಗಣೀಲೂ ಎಲ್ಲಾ ಮಾತಾಡ್ಕಂಡೊ. ಗೆರೆ ಎಳೀರಿ.”

ಭಾವ ಬರೆದು ಓದಿ ಹೇಳಿದರು. ಆಮೇಲೆ ಅವನ ಹೆಂಡತಿ ದೇವೀರಮ್ಮನ ಸರದಿ. ‘ನೀವು’ ಎಂದಾಗ ಅವಳೂ ಹಿಂದೆ ತಿರುಗಿ ನೋಡಿದ್ದನ್ನು ನಾನು ಕಂಡೆ.

“ನಂದೂ ಬ್ಯಾರೆ ಬರ್ಕತೀರಾ? ಗಂಡಂದು ಏಳಾದ್ಮೇಲೆ ಮುಗೀನಿಲ್ವಾ?”

“ನಿಮ್ಮ ಚೀಟಿ ನಿಮ್ಮದು.”

“ಅಂಗಾರೆ ನಂದು ಇಂದೂ ಅಂತ್ಲೇ ಇರ್ಲಿ. ನಮ್ಮವ್ವ ದೇವ್ರಿಗ್ ಮಡ್ಲಕ್ಕಿ ಕಟ್ಟೀನಿ. ಅದ್ನ ಬುಟ್ಬುಟ್ಟು ಇವನ ಕಣ್ಮುಚ್ಕಂಡಿರೋ ದೇವ್ರುನ್ನ ನಂಬ್ಕಂಡ್ರೆ, ಅದು ನನ್ ಕಡೆ ನೋಡೋದ್ ಯಾವಾಗ?”

ಮಂಚಯ್ಯ ನಕ್ಕ. ಕೆಮ್ಮು ಬಂತು. ಆಮೇಲೆ ಮಗಳ ಚೀಟಿ. ಭಾವ ಪ್ರಶ್ನೆ ಓದಿದರು. ನಾನು ನಿಂತಲ್ಲಿಂದ ಮಂಚಯ್ಯನ ಬೆನ್ನು ಮಾತ್ರ ಕಾಣುತ್ತಿತ್ತು. ಭಾವ ಎರಡನೆಯ ಸಲ ಕೇಳಲಿಲ್ಲ, ಕಾದರು. ಎಷ್ಟೋ ಹೊತ್ತಾದ ಮೇಲೆ ಅವನು ಹೇಳಿದ:

“ನಂದು ನಂಗಿರ್ಲಿ ಸಾ. ಮಗಿಂದು ಅವ್ರವ್ವನ್ನ ಕೇಳಿ.”

ಹುಡುಗಿಯ ಚೀಟಿಯಲ್ಲಿ ತಾಯಿ ಹೇಳಿದಂತೆ ಬಂತು. ಕೆಳಗಿನ ಕಾಲಂ ಕೂಡ ತುಂಬಿತು.

ಭಾವ ಏಳುವಾಗ ಅವರಿಗೆ ತಮ್ಮ ಚೀಟಿ ನೆನಪಾಯಿತು. ನನ್ನ ಕಡೆ ನೋಡಿದರು. ನಾನು ಮರದ ಕೆಳಗೇ ಇದ್ದೆ. ಅವರು ಮತ್ತೆ ಕೂತು, ಚೀಟಿಯನ್ನೂ ಲೇಖನಿಯನ್ನೂ ಗೌತಮಿಯ ಕೈಗೆ ಕೊಟ್ಟು, “ಕೇಳಿ” ಎಂದರು. ಹದಿಮೂರು ವರ್ಷದ ಹುಡುಗಿ, ತನ್ನ ಮೇಷ್ಟರನ್ನು. ಹೆಸರು ಕೇಳಿದಳು. ವಯಸ್ಸು ಕೇಳಿದಳು. ಧರ್ಮ ಕೇಳಿದಳು. “ನಿಮಗೆ ಓದು ಬರಹ ಬತ್ತದಾ ಸಾ?” ಎಂದು ಕೇಳಿದಳು. ಭಾವ ಗಂಭೀರವಾಗಿ, “ಬರುತ್ತೆ” ಎಂದರು. ಅವಳು ಬರೆದು, ಓದಿ, “ಸರಿನಾ ಸಾ?” ಎಂದಳು. ಒಂದು ಪ್ರಶ್ನೆಯನ್ನೂ ಬಿಡಲಿಲ್ಲ. ಮೇಲ್ವಿಚಾರಕನಾಗಿ ನಾನು ಆ ಚೀಟಿ ಪರೀಕ್ಷಿಸಿದ್ದೇನೆ. ತಿದ್ದುವಂಥದ್ದು ಏನೂ ಇರಲಿಲ್ಲ.

ಇಷ್ಟಕ್ಕೇ ನಿಲ್ಲಬೇಕಿತ್ತು. ನಿಲ್ಲದಂತೆ ಮಾಡಿದವನು ನಾನು.

ಎರಡು ದಿನದ ಮೇಲೆ ಅರಕಲಗೂಡಿನಲ್ಲಿ ಬಸ್ಸಿಗೆ ಕಾಯುತ್ತ, ಬೇರೆ ಮೇಲ್ವಿಚಾರಕರ ಜೊತೆ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದೆ. ಒಬ್ಬೊಬ್ಬರೂ ತಮ್ಮ ತಮ್ಮ ತಮಾಷೆ ಹೇಳುತ್ತಿದ್ದರು. ನನ್ನ ಸರದಿ ಬಂದಾಗ, “ನನ್ನ ಸರ್ಕಲ್ಲಿನಲ್ಲಿ ಒಬ್ಬ ಬೌದ್ಧ ಸಿಕ್ಕಿದ್ದಾನೆ ಕಣ್ರೀ” ಎಂದೆ. ಊರಿನ ಹೆಸರೂ ಹೇಳಿದೆ. ಎಲ್ಲರೂ ನಕ್ಕರು. ಕಾಫಿ ಚೆನ್ನಾಗಿತ್ತು. ಇವಿಷ್ಟೂ ನನಗೆ ಸ್ಪಷ್ಟವಾಗಿ ನೆನಪಿದೆ.

ಚೀಟಿಯಲ್ಲಿ ಬರೆದದ್ದು ಗುಟ್ಟು, ಯಾರಿಗೂ ಹೇಳುವಂತಿಲ್ಲ ಎಂಬುದು ಕಾನೂನು. ತರಬೇತಿಯಲ್ಲಿ ನಾನೇ ಅದನ್ನು ಮೇಷ್ಟರುಗಳಿಗೆ ಓದಿ ಹೇಳಿದ್ದೆ.

ಮಾತು ನನಗಿಂತ ಮೊದಲೇ ಬಸ್ಸು ಹತ್ತಿ ಊರು ತಲುಪಿತು. ಹುಡುಗಿಯ ಸರ್ಟಿಫಿಕೇಟಿಗೆ ಊರಿನ ಪಟೇಲರು ವರದಿ ಬರೆಯಬೇಕಿತ್ತು. ಅವರು ಮಂಚಯ್ಯನಿಗೆ, “ನೀನು ಬೌದ್ಧ ಅಂತ ಬರ್ಸಿದ್ಯಂತಲ್ಲೋ. ಬೌದ್ಧನ ಮಗಳಿಗೆ ಹರಿಜನ ಹಾಸ್ಟೆಲ್ಲಿಗೆ ಹೆಂಗ್ಲಾ ಬರ್ಕೊಡ್ಲಿ?” ಎಂದರು.

ಮಾರ್ಚ್ ಒಂದರಿಂದ ನಾಲ್ಕೈದು ದಿನ ಎರಡನೆಯ ಸುತ್ತು ಇರುತ್ತದೆ. ಮಾರ್ಚ್ ಒಂದರ ಸೂರ್ಯೋದಯದ ಹೊತ್ತಿಗೆ ಊರಿನಲ್ಲಿ ಯಾರಿದ್ದರು ಎಂಬುದೇ ಗಣತಿ. ಅದರೊಳಗೆ ಹುಟ್ಟಿದವರನ್ನು ಸೇರಿಸಬೇಕು, ಸತ್ತವರನ್ನು ಹೊಡೆದುಹಾಕಬೇಕು. ಆ ಸುತ್ತಿನ ಎರಡನೆಯ ಬೆಳಗ್ಗೆ ಮಂಚಯ್ಯ ಭಾವನ ಮನೆಯ ಅಂಗಳಕ್ಕೆ ಬಂದು ನಿಂತ. ನಾನು ಜಗಲಿಯ ಮೇಲಿದ್ದೆ.

“ನಂದು ತಿದ್ಬುಡಿ ಸಾ. ಇಂದೂ ಅಂತ ಆಕ್ಬುಡಿ.”

ಭಾವ ಅವನ ಚೀಟಿ ಹುಡುಕಿ ತೆಗೆದರು. ಲೇಖನಿಯನ್ನು ಮಸಿಯಲ್ಲಿ ಅದ್ದಿದರು. ಹಾಗೇ ಹಿಡಿದುಕೊಂಡು ಕೇಳಿದರು, “ನಿನ್ನೆ ಒಂದನೇ ತಾರೀಕು ಸೂರ್ಯ ಹುಟ್ಟೋ ಹೊತ್ತಿಗೆ ನೀವು ಏನಾಗಿದ್ರಿ ಮಂಚಯ್ಯನವರೇ?”

ಮಂಚಯ್ಯ ತಲೆ ತಗ್ಗಿಸಿದ. ಹೆಗಲ ಮೇಲಿನ ಟವೆಲ್ಲನ್ನು ತೆಗೆದು ಮತ್ತೆ ಹಾಕಿಕೊಂಡ.

“ಬೌದ್ಧನೇ ಸಾ.”

“ಹಂಗಾದರೆ ನಾನು ಹೆಂಗೆ ತಿದ್ದಲಿ?”

ಲೇಖನಿಯ ತುದಿಯಿಂದ ಮಸಿ ಭಾವನ ಪಂಚೆಯ ಮೇಲೆ ಬಿತ್ತು. ಅವರು ಗಮನಿಸಲಿಲ್ಲ. “ಈ ಮಾತು ಹೊರಗೆ ಹೇಗೆ ಹೋಯಿತು?” ಎಂದು ಯಾರನ್ನೂ ನೋಡದೆ ಕೇಳಿದರು.

ಕೇಳಿದ್ದಕ್ಕೆ ಉತ್ತರ ಹೇಳಬೇಕಲ್ಲ. ನಾನು ಹೇಳಿದೆ.

ಅವರು ಬೈಯಲಿಲ್ಲ. ಚೀಲದಿಂದ ಹತ್ತು ವರ್ಷದ ಹಿಂದಿನ ಅದೇ ‘ಕೇಳದೆ ಹೇಳಿದ್ದು’ ನೋಟುಬುಕ್ಕು ತೆಗೆದು, ಎಮ್ಮೆಗಳನ್ನೂ ಸೊಸೆಯಂದಿರನ್ನೂ ದಾಟಿ ಖಾಲಿ ಪುಟಕ್ಕೆ ಬಂದು, ಬರೆದರು. ಬರೆದು, ಕ್ರಮದಂತೆ ನನಗೆ ಓದಿ ಹೇಳಿದರು: “ಮಂಚಯ್ಯನವರ ಧರ್ಮ. ಅರಕಲಗೂಡು ಹೋಟೆಲಿನಲ್ಲಿ ನನ್ನ ಭಾವಮೈದ ಹೇಳಿದ್ದು. ಸರಿನಾ?”

“ಸರಿ” ಎಂದೆ.

ಮರುದಿನ ಬೆಳಗಿನ ಬಸ್ಸಿಗೆ ಭಾವ, ಮಂಚಯ್ಯ, ಗೌತಮಿ ಅರಕಲಗೂಡಿಗೆ ಹೊರಟರು. ಯಾರೂ ಕರೆಯದಿದ್ದರೂ ನಾನು ಹೋದೆ. ಅಮಲ್ದಾರರು ಅರ್ಜಿ ನೋಡಿದರು.

“ಏನ್ ಮೇಷ್ಟ್ರೇ, ಇವನು ಬೌದ್ಧನಂತೆ?”

“ಹೇಳೋ ಹಾಗಿಲ್ಲ ಸ್ವಾಮಿ. ಕಾನೂನು.”

“ತಾಲ್ಲೂಕಿಗೇ ಗೊತ್ತಾಗಿದೆಯಲ್ರೀ.”

“ತಾಲ್ಲೂಕಿಗೆ ನಾನು ಹೇಳಿಲ್ಲ ಸ್ವಾಮಿ.”

ನಾನು ನನ್ನ ಚಪ್ಪಲಿ ನೋಡಿಕೊಂಡೆ.

“ಮತ್ತೆ ಸರ್ಟಿಫಿಕೇಟು ಹೆಂಗೆ ಕೊಡೋದು?”

“ಅರ್ಜಿ ಮಂಚಯ್ಯನವರದ್ದಲ್ಲ. ಅವರೇನು ಹಾಸ್ಟೆಲ್ಲಿಗೆ ಸೇರ್ತಿಲ್ಲ. ಅರ್ಜಿ ಯಾರದೋ ಅವರನ್ನ ಕೇಳಿ.”

ಅಮಲ್ದಾರರು ಬೇಸರದಿಂದಲೋ ಕುತೂಹಲದಿಂದಲೋ ಹುಡುಗಿಯ ಕಡೆ ತಿರುಗಿದರು. “ಏನಮ್ಮ, ನೀನ್ಯಾರು ಹೇಳು. ಹಿಂದೂನೋ, ಬೌದ್ಧಳೋ?”

“ಅಪ್ಪ ಬೌದ್ಧ ಸಾ. ಅವ್ವ ಹಿಂದೂ. ನನ್ನ ಚೀಟಿ ಅವ್ವ ಹೇಳ್ದಂಗೆ.”

“ಅಪ್ಪನ ಥರ ಯಾಕಲ್ಲ?”

ಹುಡುಗಿ ಅಪ್ಪನನ್ನು ನೋಡಿದಳು. ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. “ಅಪ್ಪನೇ ಹೇಳ್ತು ಸಾ, ನಂದು ನಂಗಿರ್ಲಿ, ಮಗಿಂದು ಅವ್ವನ್ನ ಕೇಳಿ ಅಂತ. ನಾನು ಓದ್ಬೇಕಲ್ಲ, ಅದ್ಕೆ.”

ಅಮಲ್ದಾರರು ಮಂಚಯ್ಯನ ಬೆನ್ನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಲೇಖನಿ ತೆಗೆದುಕೊಂಡು ಹುಡುಗಿಯ ಹೆಸರಿಗೆ ಬರೆದು ಸಹಿ ಹಾಕಿದರು. ಅಲ್ಲಿಗೆ ನಮಸ್ಕಾರ ಹೇಳಿ ಬರಬಾರದೇ? ಭಾವ ಕದಲಲಿಲ್ಲ.

“ಒಂದ್ಸಲ ಓದಿ ಹೇಳಿಬಿಡಿ ಸ್ವಾಮಿ, ಅರ್ಜಿದಾರರಿಗೆ.”

ತಾಲ್ಲೂಕಿನ ಅಮಲ್ದಾರರು ಕನ್ನಡಕ ಸರಿಮಾಡಿಕೊಂಡು, ಹದಿಮೂರು ವರ್ಷದ ಹುಡುಗಿಗೆ ಸರ್ಟಿಫಿಕೇಟನ್ನು ಪೂರ್ತಿ ಓದಿ ಹೇಳಿದರು. ಕೊನೆಗೆ ಭಾವನ ಮುಖ ನೋಡಿ ಅವರೇ, “ಸರಿನಾ?” ಎಂದರು.

ಗೌತಮಿ ಹಾಸನಕ್ಕೆ ಹೋದಳು. ಮಂಚಯ್ಯ ಎರಡು ವರ್ಷ ಬದುಕಿದ್ದ. ಕೆಮ್ಮಿನಲ್ಲೇ ಹೋದ. ಅವನ ಚೀಟಿ ಕಡೆಯವರೆಗೂ ಹಾಗೇ ಇತ್ತು.

ಅದಾದ ಕೆಲವು ವರ್ಷಕ್ಕೆ ಭಾವನೂ ತೀರಿಕೊಂಡರು. ಎದೆನೋವು ಎಂದರು. ಬಸ್ಸಿಗೆ ಕಾಯುತ್ತ ಜಗಲಿಯ ಮೇಲೆ ಒರಗಿದವರು ಮತ್ತೆ ಏಳಲಿಲ್ಲ. ನೋಟುಬುಕ್ಕನ್ನು ಅಕ್ಕ ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗೆ ಇಟ್ಟಳು. ನಾನು ಅದನ್ನು ತೆರೆಯಲು ಕೇಳಲಿಲ್ಲ.

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಮತದಾರರ ಪಟ್ಟಿ ತಿದ್ದುವ ಕೆಲಸ ಬಂತು. ಅದೂ ಮೇಷ್ಟರುಗಳ ತಲೆಗೇ. ಒಂದು ಭಾನುವಾರ ನಾನು ಅಕ್ಕನ ಮನೆಯ ಜಗಲಿಯಲ್ಲಿ ಕೂತಿದ್ದಾಗ ಅಂಗಳದಲ್ಲಿ ಒಬ್ಬಳು ಕೊಡೆ ಮಡಿಸಿದಳು. ಗೌತಮಿ. ತರಬೇತಿ ಮುಗಿಸಿ, ಒಂದು ವರ್ಷ ಹೊಳೆನರಸೀಪುರದ ಕಡೆ ಇದ್ದು, ಈಗ ಊರಿನ ಶಾಲೆಗೇ ಮೇಡಮ್ಮಾಗಿ ಬಂದಿದ್ದಳು.

“ಮನೆಯಲ್ಲಿ ಯಾರಿದ್ದೀರಿ?” ಎಂದಳು.

ಅಕ್ಕ ಬಾಗಿಲಿಗೆ ಬಂದಳು. ಆ ಮಾತು ಕೇಳಿ ಹೊಸ್ತಿಲಲ್ಲೇ ನಿಂತಳು. “ಬಾರವ್ವ, ಮೇಲ್ ಬಾ” ಎಂದಳು ಅಕ್ಕ. ಗೌತಮಿ ಜಗಲಿ ಹತ್ತಿ ಕೂತು ಪಟ್ಟಿ ಬಿಡಿಸಿದಳು. ಅಕ್ಕನ ಹೆಸರು ಕೇಳಿ ಬರೆದುಕೊಂಡಳು. ಆಮೇಲೆ ಲೇಖನಿ ಎತ್ತಿ ಹಿಡಿದು ಕಾದಳು. ಮುಂದಿನ ಕಾಲಂ ಯಾವುದು ಎಂದು ನನಗೆ ಗೊತ್ತಿತ್ತು.

“ನಿಮ್ಮ ಯಜಮಾನರ ಹೆಸರು?”

ನಾನು ಹೇಳಲು ಬಾಯಿ ತೆರೆದೆ. ಅಕ್ಕ ಕೈ ಅಡ್ಡ ಮಾಡಿದಳು.

“ನಿಂಗ್ ಗೊತ್ತಿಲ್ವೇನವ್ವ?” ಎಂದು ಕೇಳಿದಳು ಗೌತಮಿಯನ್ನು.

“ಗೊತ್ತು ಅಮ್ಮ. ಆದ್ರೂ ಕೇಳ್ದೆ ಬರೀಬಾರ್ದು.”

ಅಕ್ಕ ಬಾಗಿಲ ಚೌಕಟ್ಟಿಗೆ ಒರಗಿದಳು. “ಅವ್ರು ಅಷ್ಟು ಕೇಳಿದ್ರು. ನಾನು ಒಂದ್ಸಲನೂ ಹೇಳ್ಲಿಲ್ಲ ನೋಡು” ಎಂದಳು. ಆಮೇಲೆ ಹೇಳಿದಳು. ಮೆಲ್ಲಗೆ, ಎಡವದೆ, ಅವರ ತಂದೆಯ ಹೆಸರಿನ ಮೊದಲಕ್ಷರದ ಸಮೇತ. ಅಕ್ಕನ ಬಾಯಲ್ಲಿ ಆ ಹೆಸರು ನಾನು ಕೇಳಿದ್ದು ಅದೇ ಮೊದಲು. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಅದು ಅವಳ ಉತ್ತರ, ನನ್ನದಲ್ಲ.

ಗೌತಮಿ ಬರೆದುಕೊಂಡಳು. ಬರೆದದ್ದನ್ನು ಗಟ್ಟಿಯಾಗಿ ಓದಿದಳು.

“ಸರಿನಾ ಅಮ್ಮ?”

ಅಕ್ಕ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡಳು.

“ಇನ್ನೊಂದ್ಸಲ ಓದವ್ವ” ಎಂದಳು.